ತಂಗಿಯ ಕಾಲೇಜಿಗೆ ನಮ್ಮ ಪಟ್ಟಿ



ಲಕ್ಷ್ಮೇಶ್ವರದಂಥ ಊರಲ್ಲಿ ಸಣ್ಣದೊಂದು ಹೆಣ್ಣುಮಕ್ಕಳ ಕಾಲೇಜು ಉಳಿಯಬೇಕಾದರೆ ಪಟ್ಟಿ ಎತ್ತಲೇಬೇಕು. ಮಾಳಿಗೆ ಸೋರುತ್ತದೆ. ಲೈಬ್ರರಿಗೆ ಹೊಸ ಪುಸ್ತಕ ಬಂದು ವರ್ಷಗಳಾಗಿರುತ್ತವೆ. ಅನುದಾನವಿಲ್ಲದ ಕಡೆ ಪಾಠ ಹೇಳುವ ಅಕ್ಕನಿಗೆ ಸಂಬಳ ಯಾವ ತಿಂಗಳು ಬರುತ್ತದೋ ಆಕೆಗೇ ಗೊತ್ತಿರುವುದಿಲ್ಲ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು, ಗದಗ ಜಿಲ್ಲೆಯೂ ಅದರ ವ್ಯಾಪ್ತಿಗೆ ಬಂತು. ವಿಶ್ವವಿದ್ಯಾಲಯ ಡಿಗ್ರಿ ಕೊಡುತ್ತದೆ, ಸೋರುವ ಮಾಳಿಗೆ ಮುಚ್ಚುವುದಿಲ್ಲ.

ಆಗ ಪಾವತಿ ಪುಸ್ತಕ ಹಿಡಿದವರು ಪೇಟೆಯ ಸಾವುಕಾರರನ್ನು, ದಲಾಲರನ್ನು, ಗೌಡರನ್ನು ಕಾಣುತ್ತಾರೆ. ನಮ್ಮ ಕೇರಿಗೆ ಬರುವುದಿಲ್ಲ. "ಅವರ ಹತ್ರ ಕೊಡಾಕ ಏನೈತಿ?" ಅನ್ನುತ್ತಾರೆ. ನಾವೂ ಕಮ್ಮಿ ಇಲ್ಲ. "ಅದು ಅವರ ಕಾಲೇಜು, ನಮಗ್ಯಾಕ ಬೇಕು?" ಅನ್ನುತ್ತೇವೆ. ಎರಡೂ ಸುಳ್ಳು.

ನಮ್ಮ ಹತ್ರ ಏನೂ ಇಲ್ಲವೆ? ಏಪ್ರಿಲ್ 14 ಬಂದರೆ ಕೇರಿಯ ಮನೆಮನೆಗೆ ಹೋಗಿ ನಾವೇ ಪಟ್ಟಿ ಎತ್ತುತ್ತೇವೆ. ಆ ರೊಕ್ಕ ಒಂದೇ ರಾತ್ರಿ ಡಿಜೆಯ ಸದ್ದಿನಲ್ಲಿ ಮುಗಿದುಹೋಗುತ್ತದೆ. ಅದೇ ರಾತ್ರಿ ಮನೆಯಲ್ಲಿ ತಂಗಿ ಪಿಯುಸಿ ಮಾರ್ಕ್ಸ್ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿ ಮಲಗಿರುತ್ತಾಳೆ. ಮರುದಿನ ಆಕೆಗೆ ಮೆಣಸಿನಕಾಯಿ ಬಿಡಿಸುವ ಕೂಲಿ. ಆ ಕೂಲಿಯಲ್ಲೇ ನಾವು ಗದಗ, ಧಾರವಾಡ ಕಂಡವರು. ಹಾಸ್ಟೆಲಿನಲ್ಲಿ ಕುಂತು ಸಮಾನತೆಯ ಮೇಲೆ ಕವಿತೆ ಬರೆದವರು ನಾವೇ.

ಬಾಬಾಸಾಹೇಬರು 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಘ ಕಟ್ಟಿದರು. ಆ ಸಂಘದ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಸರ್ಕಾರದ ಅನುದಾನ ಸಾಲದಾದಾಗ ಅಷ್ಟು ದೊಡ್ಡ ಬ್ಯಾರಿಸ್ಟರು ದಾನಿಗಳ ಬಾಗಿಲಿಗೆ ಹೋಗಿ ಕೇಳಿದರು. ಓದಿಗಾಗಿ ಕೇಳುವುದು ಭಿಕ್ಷೆಯಲ್ಲ ಎಂದು ನಮಗೆ ಕಲಿಸಿದವರು ಅವರು. ಆ ಪಾಠವನ್ನು ನಾವು ತಮ್ಮನಿಗೆ ಹೇಳಿದೆವು, ತಂಗಿಗೆ ಹೇಳಲಿಲ್ಲ.

ತಂಗಿ ಓದಿದರೆ ಏನಾಗುತ್ತದೆ? ಪುಣೆಯಲ್ಲಿ ಜೋತಿಬಾ, ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಆ ದಂಪತಿ ನಡೆಸಿದ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ ಎಂಬ ಮಾಂಗ ಜಾತಿಯ ಹುಡುಗಿ ಮಾಂಗ, ಮಹಾರರ ದುಃಖದ ಮೇಲೆ ಪ್ರಬಂಧ ಬರೆದಳು. 1855ರಲ್ಲಿ 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚುಮಾಡಿತು. ಬಂಡಾಯ, ದಲಿತ ಸಾಹಿತ್ಯ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲು ಒಬ್ಬ ಹುಡುಗಿ ಬರೆದಾಗಿತ್ತು. ಒಂದು ಸಣ್ಣ ಶಾಲೆಯ ಒಂದು ಚಾಪೆಯ ಬೆಲೆ ಅಷ್ಟು.

ಆದ್ದರಿಂದ ಕೊಡೋಣ. ಆದರೆ ಕೈಮುಗಿದು ಕೊಡುವುದು ಬೇಡ, ಲೆಕ್ಕ ಕೇಳಿ ಕೊಡೋಣ.

ಒಂದು: ಮೊದಲ ರೊಕ್ಕ ಹುಡುಗಿಗೆ, ಆಮೇಲೆ ಗೋಡೆಗೆ. ನ್ಯಾಕ್ ತಂಡ ಬರುತ್ತದೆಂದು ಸುಣ್ಣ ಬಳಿಯುವ ಮೊದಲು ನೀರಿರುವ ಪಾಯಿಖಾನೆ ಆಗಲಿ, ಫೀ ಕಟ್ಟಲಾರದವಳ ಹೆಸರು ಹಾಜರಿಯಿಂದ ಹೋಗದಿರಲಿ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತು, ಒಳ್ಳೆಯದು. ಆದರೆ ಶಿಗ್ಲಿಯ, ಸೂರಣಗಿಯ ಹುಡುಗಿಗೆ ಕಾಲೇಜು ಬಿಟ್ಟ ಹೊತ್ತಿಗೆ ಬಸ್ಸು ಇಲ್ಲದಿದ್ದರೆ ಅಪ್ಪ ಓದು ಬಿಡಿಸುತ್ತಾನೆ. ಅದಕ್ಕೇ ಹಾಸ್ಟೆಲು ಬೇಕು.

ಎರಡು: ಶಕ್ತಿ ಇದ್ದವರು ಹೆಚ್ಚು ಕೊಡಲಿ. ಇದೇ ಊರು ಹಿಂದಿನ ಪುಲಿಗೆರೆ. ಇಲ್ಲಿಯ 8ನೇ ಶತಮಾನದ ಚಾಲುಕ್ಯ ಶಾಸನವೊಂದು ಮನೆಗಳನ್ನು ದರ್ಜೆ ಮಾಡಿ, ಅವರವರ ಅಂತಸ್ತಿಗೆ ತಕ್ಕ ತೆರಿಗೆ ಗೊತ್ತುಮಾಡಿದೆ. ಕಲ್ಲಿನಲ್ಲಿ ಕೊರೆದ ಮಾತು ಪೇಟೆಯವರಿಗೆ ಮರೆಯದಿರಲಿ.

ಮೂರು: ಬಂದದ್ದು, ಹೋದದ್ದು ಎಲ್ಲ ಕಾಲೇಜಿನ ಬಾಗಿಲಿಗೆ ಬರೆದು ಅಂಟಿಸಲಿ. ಲೆಕ್ಕ ನೋಡುವ ಸಮಿತಿಯಲ್ಲಿ ಓದುವ ಹುಡುಗಿಯರಿರಲಿ, ಕೇರಿಯ ಹುಡುಗಿಯೂ ಇರಲಿ. ನಮ್ಮ ಪಟ್ಟಿ ನೋಡಿ ಸರ್ಕಾರ ತನ್ನ ಹೊಣೆ ಇಳಿಯಿತೆಂದು ಕೈ ತೊಳೆದುಕೊಳ್ಳಬಾರದು. ಅನುದಾನದ ಅರ್ಜಿಯೂ ಪಾವತಿ ಪುಸ್ತಕದ ಜೊತೆಜೊತೆಗೇ ಹೋಗಬೇಕು.

ಮುಂಬೈಯ ವಿಠ್ಠಲದಾಸ ಠಾಕರ್ಸಿ 1920ರಲ್ಲಿ ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯಕ್ಕೆ 15 ಲಕ್ಷ ರೂಪಾಯಿಯ ದಾನ ಮಾಡಿದರು. ಅದಕ್ಕೆ ಅವರ ತಾಯಿ ನಾಥಿಬಾಯಿಯ ಹೆಸರು ಬಂತು. ಇವತ್ತಿಗೂ ಆ ಹೆಸರಿದೆ. ನಮ್ಮ ಅವ್ವಂದಿರ ಹೆಸರು ರೇಷನ್ ಕಾರ್ಡು ಬಿಟ್ಟು ಇನ್ನೆಲ್ಲಿದೆ?

ಈ ಸಲದ ಜಯಂತಿಗೆ ಡಿಜೆ ಬೇಡ ಅಂತ ಹೇಳುವ ಧೈರ್ಯ ಮಾಡೋಣ. ಒಬ್ಬೊಬ್ಬರು ಹತ್ತು ರೂಪಾಯಿಯಾದರೂ ತೆಗೆದಿಡೋಣ. ಪಾವತಿ ಹರಿಯುವಾಗ ಹೆಸರು ಕೇಳುತ್ತಾರೆ. ಆಗ ನಮ್ಮ ಹೆಸರು ಬೇಡ, ಹೆಬ್ಬೆಟ್ಟು ಒತ್ತುವ ಅವ್ವನ ಹೆಸರು ಬರೆಸೋಣ. ತಂಗಿ ಅದನ್ನು ಓದಿ ಅವ್ವನಿಗೆ ಹೇಳಲಿ.