ಷಷ್ಟ್ಯಬ್ದಿ: ಸನ್ಮಾನವೋ, ಸಂಕಲ್ಪವೋ?

ಮನುಷ್ಯನ ಆಯುಷ್ಯದಲ್ಲಿ ವರ್ಷಗಳೆಲ್ಲವೂ ಒಂದೇ ಅಳತೆಯವು. ಆದರೆ ಒಂದೇ ತೂಕದವಲ್ಲ. 25, 50, 60, 75 ಎಂಬ ಅಂಕಿಗಳು ಎದುರಾದಾಗ ನಾವು ಅರೆಗಳಿಗೆ ನಿಂತು ನಡೆದುಬಂದ ದಾರಿಯನ್ನು ನೋಡುತ್ತೇವೆ. ಅದರಲ್ಲಿಯೂ 60ನೆಯ ವರ್ಷಕ್ಕೆ ನಮ್ಮ ಸಮಾಜವು ಸಲ್ಲಿಸುವ ಮರ್ಯಾದೆ ವಿಶೇಷವಾದುದು. ಹಾರ, ಶಾಲು, ಫಲತಾಂಬೂಲ, ಬಿನ್ನವತ್ತಳೆ, ಸಾಧ್ಯವಾದರೆ ಒಂದು ಅಭಿನಂದನ ಗ್ರಂಥ, ಕಡೆಯಲ್ಲಿ ಸಹಪಂಕ್ತಿ ಭೋಜನ, ಇಷ್ಟಾದರೆ ಷಷ್ಟ್ಯಬ್ದಿಯು ಸಾಂಗವಾಯಿತೆಂದು ಎಲ್ಲರೂ ತೃಪ್ತರಾಗುತ್ತಾರೆ. ಆದರೆ ಈ ಸಂಭ್ರಮ ಮುಗಿದ ಮರುದಿನ ಬೆಳಗ್ಗೆ ಸನ್ಮಾನಿತರು ಏನು ಮಾಡಬೇಕು? ವೇದಿಕೆಯ ಮೇಲೆ ಕುಳಿತವರಾಗಲಿ, ಕೆಳಗೆ ಕುಳಿತು ಚಪ್ಪಾಳೆ ತಟ್ಟಿದವರಾಗಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ಅದನ್ನು ಎತ್ತುವುದೇ ಈ ಲೇಖನದ ಉದ್ದೇಶ.

60 ಎಂಬ ಅಂಕಿಗೆ ನಮ್ಮ ಹಿರಿಯರು ಪ್ರಾಶಸ್ತ್ಯ ಕೊಟ್ಟದ್ದು ಆಕಸ್ಮಿಕವಲ್ಲ. ಪಂಚಾಂಗದ ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ 60. ಗುರುಗ್ರಹವು ಸುಮಾರು 12 ವರ್ಷಗಳಿಗೊಮ್ಮೆ, ಶನಿಗ್ರಹವು ಸುಮಾರು 30 ವರ್ಷಗಳಿಗೊಮ್ಮೆ ರಾಶಿಚಕ್ರವನ್ನು ಸುತ್ತಿ ಬರುತ್ತವೆ. ಎರಡೂ ಕೂಡಿ ಮೊದಲಿನ ಸ್ಥಾನದ ಸಮೀಪಕ್ಕೆ ಮರಳಲು 60 ವರ್ಷ ಬೇಕು. 1965ರ ಯುಗಾದಿಯಿಂದ ಆರಂಭವಾದ ವಿಶ್ವಾವಸು ಸಂವತ್ಸರದಲ್ಲಿ ಜನಿಸಿದವರಿಗೆ 2025ರ ಯುಗಾದಿಯಂದು ಅದೇ ಹೆಸರಿನ ಸಂವತ್ಸರವು ಮತ್ತೆ ಪ್ರಾಪ್ತವಾಯಿತು. ಜಾತಕದಲ್ಲಿ ನಂಬಿಕೆಯುಳ್ಳವರೂ ಇಲ್ಲದವರೂ ಇದರಿಂದ ಗ್ರಹಿಸಬಹುದಾದ ಅರ್ಥ ಒಂದಿದೆ. ಒಂದು ಸುತ್ತು ಪೂರ್ಣವಾಯಿತು, ಇನ್ನೊಂದರ ಮೊದಲ ದಿನ ಬಂದಿತು ಎಂಬುದೇ ಆ ಅರ್ಥ. ಮೊದಲ ದಿನದಂದು ಮಾಡಬೇಕಾದದ್ದು ಉಪಸಂಹಾರವಲ್ಲ, ಆರಂಭ.

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಬುದ್ಧಿ ಮಂಕಾಗುವ ವಯಸ್ಸು ಇದೆಂದು ಗಾದೆಯ ಇಂಗಿತ. ವರಕವಿ ದ. ರಾ. ಬೇಂದ್ರೆಯವರು ಜನಿಸಿದ್ದು 1896ರಲ್ಲಿ. ತಮ್ಮ 60ರ ಸುಮಾರಿಗೆ ಬಂದ ಕವನಗಳ ದೊಡ್ಡ ಸಂಗ್ರಹವನ್ನು ಅವರು 'ಅರಳು ಮರಳು' ಎಂಬ ಹೆಸರಿನಿಂದಲೇ ಪ್ರಕಟಿಸಿದರು. ಆ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಗೇಲಿಯ ಮಾತನ್ನೇ ತಲೆಬರಹವಾಗಿಸಿಕೊಂಡಾಗ ಅದರ ಅರ್ಥವೇ ತಿರುಗಿಬಿಟ್ಟಿತು: ಮರಳಿ ಅರಳುವುದೂ 60ಕ್ಕೆ ಸಾಧ್ಯ. ಸಂವತ್ಸರವು ಮರಳುವುದು ಕಾಲದ ನಿಯಮ. ಅದಕ್ಕೆ ನಮ್ಮ ಪ್ರಯತ್ನ ಬೇಡ. ಅರಳುವುದು ಮಾತ್ರ ನಮ್ಮ ಪ್ರಯತ್ನಕ್ಕೆ ಬಿಟ್ಟದ್ದು.

ಈ ವಿಚಾರವು ಶಿಕ್ಷಕ ವರ್ಗಕ್ಕೆ ಹೆಚ್ಚು ಹತ್ತಿರವಾದುದು. ಕರ್ನಾಟಕದ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಲಾಯಿತು. ಹಾಗಾಗಿ ಷಷ್ಟ್ಯಬ್ದಿಯೂ ನಿವೃತ್ತಿಯೂ ಬಹುಜನರ ಪಾಲಿಗೆ ಒಟ್ಟಿಗೇ ಬರುತ್ತವೆ. ಮೂರು ದಶಕಗಳ ಕಾಲ ಶಾಲೆಯ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಪಾಠ ಹೇಳಿ, ಗಂಟೆಯ ಸದ್ದಿಗೆ ಮನೆ ಸೇರಿದ ಉಪಾಧ್ಯಾಯರಿಗೆ ಒಂದು ದಿನ ಆ ಗಂಟೆಯೇ ಕೇಳಿಸದಂತಾಗುತ್ತದೆ. ಹೊತ್ತು ಬೇಕಾದಷ್ಟಿದೆ, ಅದನ್ನು ಕಟ್ಟಿಹಾಕುವ ನಿಯಮವಿಲ್ಲ. ಮೈಯಲ್ಲಿ ಇನ್ನೂ ಕಸುವಿರುವ, ಅನುಭವದಲ್ಲಿ ಪಕ್ವವಾದ ಎಷ್ಟೋ ಜೀವಗಳು ಹಗಲಿಡೀ ಜಗುಲಿಯ ಮೇಲೆ ವೃತ್ತಪತ್ರಿಕೆಯನ್ನು ತಿರುವಿಹಾಕುತ್ತ, ಸಂಜೆಯ ವೇಳೆ ದೂರದರ್ಶನದ ಮುಂದೆ ತೂಕಡಿಸುತ್ತ ಕಾಲ ನೂಕುವುದನ್ನು ನಾವೆಲ್ಲರೂ ಬಲ್ಲೆವು. ಇದು ಆ ವ್ಯಕ್ತಿಯೊಬ್ಬನ ನಷ್ಟವಲ್ಲ. ಊರಿಗೊಬ್ಬ ಗುರುವು ಇದ್ದೂ ಇಲ್ಲದಂತಾಗುವ ನಷ್ಟ.

ಸನ್ಮಾನವು ಬೇಡವೆಂದು ನನ್ನ ವಾದವಲ್ಲ. ಕೃತಜ್ಞತೆಯನ್ನು ಮರೆತ ಸಮಾಜವು ಬಾಳದು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರಿಗೆ 1941ರಲ್ಲಿ ಅರ್ಪಿತವಾದ 'ಸಂಭಾವನೆ'ಯಂತಹ ಗ್ರಂಥಗಳು ವ್ಯಕ್ತಿಯ ನೆಪದಲ್ಲಿ ನಾಡಿನ ವಿದ್ವತ್ತನ್ನು ಒಂದೆಡೆ ಕೂಡಿಸಿದವು. ಆದರೆ ಎಲ್ಲ ಅಭಿನಂದನ ಗ್ರಂಥಗಳಿಗೂ ಆ ಭಾಗ್ಯವಿಲ್ಲ. ಹೊಗಳಿಕೆಯ ಲೇಖನಗಳಿಂದ ತುಂಬಿದ ಎಷ್ಟೋ ಸಂಪುಟಗಳನ್ನು ಬಿಡುಗಡೆಯ ದಿನ ಬಿಚ್ಚಿದ್ದೇ ಕಡೆ. ಶಾಲುಗಳು ಪೆಟ್ಟಿಗೆಯ ತಳ ಸೇರುತ್ತವೆ. ಸನ್ಮಾನವು ಕಳೆದ ವರ್ಷಗಳಿಗೆ ಸಲ್ಲುವ ಕಾಣಿಕೆ. ಸಂಕಲ್ಪವು ಬರುವ ವರ್ಷಗಳಿಗೆ ಹಾಕುವ ಬುನಾದಿ. ಮೊದಲನೆಯದನ್ನು ಇತರರು ಮಾಡಬೇಕು, ಎರಡನೆಯದನ್ನು ತಾನೇ ಮಾಡಿಕೊಳ್ಳಬೇಕು. ಎರಡನೆಯದಿಲ್ಲದ ಮೊದಲನೆಯದು ಅರ್ಧ ಆಚರಣೆಯೆಂದೇ ನನ್ನ ಅಭಿಪ್ರಾಯ.

ಸಂಕಲ್ಪವೆಂಬುದು ಹಾರೈಕೆಯಲ್ಲ. 'ಇನ್ನು ಮುಂದೆ ಚೆನ್ನಾಗಿ ಬಾಳಬೇಕು' ಎಂಬ ಮಾತಿಗೆ ಅಳತೆಯಿಲ್ಲ. ಆದುದರಿಂದ ಅದಕ್ಕೆ ಸೋಲೂ ಇಲ್ಲ, ಗೆಲುವೂ ಇಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತರುಣನಾಗಿದ್ದಾಗ ಮಾಡಿಕೊಂಡ ಒಂದು ಏರ್ಪಾಡನ್ನು ತನ್ನ ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ತಾನು ಸಾಧಿಸಬೇಕೆಂದ 13 ಗುಣಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದು, ವಾರದ ಏಳು ದಿನಗಳಿಗೆ ಗೆರೆ ಹಾಕಿ, ತಪ್ಪಿದಲ್ಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ಒಂದೊಂದು ವಾರ ಒಂದೊಂದು ಗುಣದ ಮೇಲೆ ವಿಶೇಷ ಲಕ್ಷ್ಯ. 13 ವಾರಗಳಿಗೆ ಒಂದು ಆವೃತ್ತಿ, ವರ್ಷಕ್ಕೆ ನಾಲ್ಕು. ಪರಿಪೂರ್ಣತೆಯನ್ನು ಮುಟ್ಟಲಾಗಲಿಲ್ಲವೆಂದೂ, ಆದರೆ ಪ್ರಯತ್ನದಿಂದ ತಾನು ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದೂ ಅವನೇ ಒಪ್ಪಿಕೊಂಡಿದ್ದಾನೆ. ದಿನಸಿ ಅಂಗಡಿಯ ಲೆಕ್ಕವನ್ನು ತಪ್ಪದೆ ಬರೆದಿಡುವ ನಾವು ಬಾಳಿನ ಲೆಕ್ಕಕ್ಕೆ ಒಂದು ಪುಸ್ತಕ ತೆರೆಯಲು ಹಿಂಜರಿಯಬೇಕಾಗಿಲ್ಲ.

60ರವರಿಗೆ 13 ಹೆಚ್ಚಾದೀತು, ಮೂರು ಸಾಕು. ಒಂದು, ಶರೀರಕ್ಕೆ ಸಂಬಂಧಿಸಿದ್ದು: ದಿನವೂ ಇಷ್ಟು ದೂರ ನಡೆಯುತ್ತೇನೆ ಎಂಬಂತಹ ನಿಯಮ. ಎರಡು, ವಿದ್ಯೆಗೆ ಸಂಬಂಧಿಸಿದ್ದು: ಇದುವರೆಗೆ ಅರಿಯದ ಒಂದು ವಿಷಯವನ್ನು, ಒಂದು ಭಾಷೆಯನ್ನೋ ಒಂದು ಶಾಸ್ತ್ರವನ್ನೋ, ಮೊದಲ ಪಾಠದಿಂದ ಕಲಿಯುವುದು. ಮೂರು, ಋಣಕ್ಕೆ ಸಂಬಂಧಿಸಿದ್ದು: ತನಗೆ ವಿದ್ಯೆಯಿತ್ತ ಊರಿಗೋ ಶಾಲೆಗೋ ವಾರಕ್ಕೆ ಇಂತಿಷ್ಟು ಗಂಟೆಗಳನ್ನು ಮೀಸಲಿಡುವುದು. ಮೂರಕ್ಕೂ ಅಳತೆಯಿರಲಿ, ಅವಧಿಯಿರಲಿ. ಮುಂದಿನ ಹುಟ್ಟುಹಬ್ಬದ ದಿನ ಪುಸ್ತಕ ತೆರೆದು ನೋಡಿದಾಗ 'ಆಯಿತು' ಅಥವಾ 'ಆಗಲಿಲ್ಲ' ಎಂದು ಸ್ಪಷ್ಟವಾಗಿ ಹೇಳುವಂತಿರಬೇಕು.

ಈ ಸಂಕಲ್ಪಕ್ಕೆ ಬಲ ಬರುವುದು ಓದಿನಿಂದ. ಸ್ಫೂರ್ತಿದಾಯಕವೆಂದು ಹೆಸರು ಹೊತ್ತ ಪುಸ್ತಕಗಳಿಗೆ ಇಂದು ಕೊರತೆಯಿಲ್ಲ. ಬಸ್ ನಿಲ್ದಾಣದ ಅಂಗಡಿಗಳಲ್ಲಿಯೂ ಅವುಗಳ ರಾಶಿ ಕಾಣುತ್ತದೆ. ಓದುವಾಗ ಮೈ ಬಿಸಿಯಾಗಿ, ಮುಚ್ಚಿಟ್ಟೊಡನೆ ತಣ್ಣಗಾಗುವ ಓದನ್ನು ಸ್ಫೂರ್ತಿಯೆನ್ನಲಾಗದು. ಯಾವ ಪುಸ್ತಕವು ನಮ್ಮ ಹೆಗಲ ಮೇಲೆ ಒಂದು ಕೆಲಸವನ್ನು ಹೊರಿಸುತ್ತದೆಯೋ ಅದೇ ನಿಜವಾದ ಸ್ಫೂರ್ತಿಗ್ರಂಥ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ಗಾಂಧೀಜಿಯವರ ಕೈಗೆ ಮಿತ್ರ ಪೋಲಕ್ ರಸ್ಕಿನ್ನನ 'ಅನ್‌ಟು ದಿಸ್ ಲಾಸ್ಟ್' ಎಂಬ ಪುಸ್ತಕವನ್ನಿತ್ತರು. ರೈಲಿನಲ್ಲಿ ಅದನ್ನು ಹಿಡಿದವರು ಕೆಳಗಿಡಲಿಲ್ಲ. ಆ ರಾತ್ರಿ ನಿದ್ರೆಯೂ ಬರಲಿಲ್ಲ. ಅದರ ತತ್ತ್ವಕ್ಕೆ ಅನುಗುಣವಾಗಿ ಬಾಳನ್ನು ಬದಲಿಸಿಕೊಳ್ಳಲು ಅವರು ನಿಶ್ಚಯಿಸಿದರು. ಅದೇ ವರ್ಷ ಫೀನಿಕ್ಸ್ ಆಶ್ರಮವು ತಲೆಯೆತ್ತಿತು. 1908ರಲ್ಲಿ ಆ ಗ್ರಂಥದ ಸಾರವನ್ನು 'ಸರ್ವೋದಯ' ಎಂಬ ಹೆಸರಿನಿಂದ ಗುಜರಾತಿಗೆ ತಂದರು. ಗಾಂಧೀಜಿ ಓದಿದ್ದು ಅತ್ಯಧಿಕವೇನಲ್ಲ. ಓದಿದ್ದನ್ನು ಅವರು ಸಾಲವೆಂದು ಬಗೆದು ತೀರಿಸಿದರು.

ಹಾಗಾದರೆ ಏನನ್ನು ಓದಬೇಕು? ಬಾಳಿ ಬರೆದವರ ಬರಹಗಳನ್ನು ಎಂದು ನನ್ನ ಉತ್ತರ. ಕನ್ನಡದಲ್ಲಿ ಈ ಸಂಪತ್ತು ವಿಪುಲವಾಗಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅನುವಾದಿಸಿದ ಗಾಂಧೀಜಿಯ ಆತ್ಮಕಥೆ, ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು', ಮಾಸ್ತಿಯವರ 'ಭಾವ', ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಡಿ. ವಿ. ಜಿ. ಅವರ 'ಜ್ಞಾಪಕ ಚಿತ್ರಶಾಲೆ', ಇವು ಒಂದು ವರ್ಷವನ್ನು ತುಂಬಲು ಸಾಕು. ದಿನಕ್ಕೆ 10 ಪುಟಗಳಂತೆ ಓದಿದರೆ ವರ್ಷಕ್ಕೆ 3,650 ಪುಟಗಳಾಗುತ್ತವೆ; ಅಂದರೆ 300 ಪುಟಗಳ 12 ಗ್ರಂಥಗಳು. 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ. ದಿನಕ್ಕೆ ಮೂರರಂತೆ ಮನನ ಮಾಡಿದರೆ 315 ದಿನಗಳಲ್ಲಿ ಮುಗಿದು, ಮೆಚ್ಚಿದ್ದನ್ನು ಮರಳಿ ಓದಲು 50 ದಿನ ಉಳಿಯುತ್ತವೆ. ಕಣ್ಣು ಮಂಜಾದವರಿಗೆ ಮೊಮ್ಮಗಳು ಓದಿ ಹೇಳಲಿ. ಆಗ ಒಂದು ಓದು ಇಬ್ಬರಿಗೆ ದಕ್ಕುತ್ತದೆ.

'ಇವರೆಲ್ಲ ಮಹಾಪುರುಷರು, ನಾವು ಸಾಮಾನ್ಯರು' ಎಂಬ ಆಕ್ಷೇಪಣೆ ಏಳುವುದು ಸಹಜ. ರವೀಂದ್ರನಾಥ ಠಾಕೂರರು 60ರ ವಯಸ್ಸಿನಲ್ಲಿ, 1921ರ ಡಿಸೆಂಬರಿನಲ್ಲಿ, ವಿಶ್ವಭಾರತಿಯನ್ನು ಸ್ಥಾಪಿಸಿದರೆಂದರೆ ಅವರ ಪ್ರತಿಭೆಯೇ ಬೇರೆ ಎನ್ನಬಹುದು. ಆದರೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು ನಮ್ಮಂತೆಯೇ ವೃತ್ತಿಯಿಂದ ಅಧ್ಯಾಪಕರು. 1913ರಲ್ಲಿ ಜನಿಸಿ, 1973ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಕಾರ್ಯದಲ್ಲಿ ಆ ಬಳಿಕವೂ ದುಡಿದರು. 1991ರಲ್ಲಿ, 78ರ ಸುಮಾರಿನಲ್ಲಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣವನ್ನು ತೊಡಗಿ ಓದುಗರ ಶಬ್ದಸಂದೇಹಗಳಿಗೆ ಹಲವು ವರ್ಷ ಉತ್ತರಿಸಿದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅವರನ್ನು ದೊಡ್ಡವರನ್ನಾಗಿಸಿದ್ದು ನಿವೃತ್ತಿಯ ಮರುದಿನವೂ ಮೇಜಿನ ಮುಂದೆ ಕುಳಿತ ಅಭ್ಯಾಸ. ಪ್ರತಿಭೆಯನ್ನು ಸಾಲ ತರಲಾಗದು. ಅಭ್ಯಾಸವನ್ನು ಯಾರು ಬೇಕಾದರೂ ಗಳಿಸಬಹುದು.

ಕಡೆಯದಾಗಿ, ಈ ಸಂಚಿಕೆಯನ್ನು ಕೈಗೆತ್ತಿಕೊಂಡಿರುವ ಮಹನೀಯರಲ್ಲಿ ಕೆಲವು ಬಿನ್ನಹಗಳು. ಉಪಾಧ್ಯಾಯ ಬಂಧುಗಳೇ, 'ಪುಸ್ತಕ ಓದಿರಿ' ಎಂದು ಮಕ್ಕಳಿಗೆ ಬೋಧಿಸುವುದು ಸುಲಭ. ಆದರೆ ಮಕ್ಕಳು ಮಾತನ್ನಲ್ಲ, ನಡತೆಯನ್ನು ಅನುಸರಿಸುತ್ತಾರೆ. ಗ್ರಂಥಾಲಯದಲ್ಲಿ ಕುಳಿತು ಓದುವ ಗುರುವನ್ನು ಕಂಡ ಹುಡುಗನಿಗೆ ಬೇರೆ ಉಪದೇಶ ಬೇಡ. ಹಳೆಯ ವಿದ್ಯಾರ್ಥಿಗಳೇ, ನಿಮ್ಮ 25ನೆಯ ವರ್ಷವೂ 50ನೆಯ ವರ್ಷವೂ ಇದೇ ಬಗೆಯ ಮೈಲಿಗಲ್ಲುಗಳು. ಸಂಕಲ್ಪಕ್ಕೆ 60ರವರೆಗೆ ಕಾಯಬೇಕಾಗಿಲ್ಲ. ದಾನಿಗಳೇ, 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡು ಡಿ. ವಿ. ಜಿ. ಅವರನ್ನು ಗೌರವಿಸಿ 1 ಲಕ್ಷ ರೂಪಾಯಿಗಳನ್ನು ಅರ್ಪಿಸಿದಾಗ, ಆ ಹಿರಿಯರು ಸಮಸ್ತ ಹಣವನ್ನೂ ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ಸನ್ಮಾನವು ಸಂಕಲ್ಪವಾಗಿ ಮಾರ್ಪಡುವ ಬಗೆ ಇದು. ತಾವು ಗೌರವಿಸಬೇಕೆಂದಿರುವ ಗುರುಗಳ ಷಷ್ಟ್ಯಬ್ದಿಗೆ ಹಾರದ ಬದಲು ಅವರ ಹೆಸರಿನಲ್ಲಿ ಅವರೇ ಆರಿಸಿದ 60 ಪುಸ್ತಕಗಳನ್ನು ಶಾಲೆಗೆ ಕೊಡಿರಿ. ವರ್ಷದಲ್ಲಿ ಕೆಲವು ದಿನಗಳಾದರೂ ಆ ಗುರುಗಳು ಬಂದು ಅವುಗಳಲ್ಲೊಂದನ್ನು ಮಕ್ಕಳೊಡನೆ ಓದುವ ಏರ್ಪಾಡು ಮಾಡಿರಿ. ಹೂವಿನ ಹಾರವು ಸಂಜೆಗೆ ಬಾಡುತ್ತದೆ. ಮಕ್ಕಳ ಕೈ ತಾಗಿ ತಾಗಿ ರಟ್ಟು ಸವೆದ ಪುಸ್ತಕಕ್ಕಿಂತ ಹೆಚ್ಚಿನ ಬಿನ್ನವತ್ತಳೆಯನ್ನು ಗುರುವಿಗೆ ಯಾರೂ ಬರೆದುಕೊಡಲಾರರು.

ವ್ಯಕ್ತಿಗೆ ಹೇಳಿದ ಮಾತು ಸಂಸ್ಥೆಗೂ ಸಲ್ಲುತ್ತದೆ. ಸ್ಮರಣ ಸಂಚಿಕೆಯು ನಡೆದುಬಂದ ದಾರಿಯ ಗುರುತಾದರೆ ಅರ್ಧ ಕಾರ್ಯವಾಯಿತು. ಇದನ್ನು ಓದಿ ಮುಗಿಸಿದವರಲ್ಲಿ ಕೆಲವರಾದರೂ ಒಂದು ಹೊಸ ನೋಟ್ ಪುಸ್ತಕವನ್ನು ತೆರೆದು, ಮೊದಲ ಪುಟದಲ್ಲಿ ದಿನಾಂಕವನ್ನೂ ಮೂರು ಸಂಕಲ್ಪಗಳನ್ನೂ ಬರೆದರೆ ಉಳಿದರ್ಧವೂ ಕೈಗೂಡೀತು.