ಕಾಫಿಗೆ ತೋರುವ ಎಚ್ಚರ ಮಲಗುವ ಕೋಣೆಗೂ ಇರಲಿ

ಕೊಡಗಿನ ಬೆಳೆಗಾರರು ಕಾಫಿಯನ್ನು ಮೂಟೆ ಕಟ್ಟುವ ಮುನ್ನ ಅದರ ತೇವಾಂಶವನ್ನು ತಪ್ಪದೆ ಪರೀಕ್ಷಿಸುತ್ತಾರೆ. ತೇವ ಉಳಿದರೆ ಬೂಷ್ಟು ಹಿಡಿಯುವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯ ಹಿಂಬದಿಯ ಕೋಣೆಯ ಗೋಡೆಯಲ್ಲಿ ಕಪ್ಪು ಮಚ್ಚೆಗಳು ಹಬ್ಬಿ, ಅಲ್ಲಿ ಮಲಗುವ ವೃದ್ಧ ತಾಯಿ ಇರುಳೆಲ್ಲ ಕೆಮ್ಮುತ್ತಿದ್ದರೆ, ‘ಮಳೆಗಾಲವಲ್ಲವೇ’ ಎಂದು ಸುಮ್ಮನಾಗುತ್ತೇವೆ. ಈ ಉದಾಸೀನ ಸಲ್ಲದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆಗಳಲ್ಲಿ ದಿನಗಟ್ಟಲೆ ಬಿಸಿಲು ಕಾಣದು. ಇಳಿಜಾರನ್ನು ಕಡಿದು ಕಟ್ಟಿದ ಮನೆಗಳಲ್ಲಿ ಹಿಂಗೋಡೆ ಬರೆಗೆ ತಾಗಿಕೊಂಡಿರುವುದರಿಂದ ಆ ಕೋಣೆ ನೆಲಮಾಳಿಗೆಯಂತೆಯೇ ನೀರು ಹೀರುತ್ತದೆ. ಹಿಂದೆ ದಿನವಿಡೀ ಉರಿಯುತ್ತಿದ್ದ ಸೌದೆ ಒಲೆ ಮನೆಯನ್ನು ಬೆಚ್ಚಗಿಡುತ್ತಿತ್ತು. ಅದರ ಹೊಗೆ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಅದು ಹೋದದ್ದು ಒಳ್ಳೆಯದೇ. ಆದರೆ ಕಾವೂ ಅದರೊಡನೆ ಹೋಯಿತು. ಒಂದು ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಒಳಗೆ ಹರವಿದ ಒದ್ದೆ ಬಟ್ಟೆ ಇನ್ನಷ್ಟನ್ನು ಕೂಡಿಸುತ್ತದೆ.

ಬೂಷ್ಟಿನ ಸೂಕ್ಷ್ಮ ಬೀಜಕಣಗಳು ಉಸಿರಿನೊಡನೆ ಒಳಸೇರಿದಾಗ ಆಸ್ತಮಾ, ಅಲರ್ಜಿ ಉಳ್ಳವರಿಗೆ ಕೆಮ್ಮು, ಉಬ್ಬಸ ಹೆಚ್ಚುತ್ತವೆ. ತೇವ ಮತ್ತು ಬೂಷ್ಟನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಪ್ರತ್ಯೇಕ ಮಾರ್ಗಸೂಚಿ ಹೊರತಂದಿದೆ. ಒಳಾಂಗಣದ ಸಾಪೇಕ್ಷ ಆರ್ದ್ರತೆ ಶೇ. 60ನ್ನು ಮೀರದಂತಿರುವುದು ಕ್ಷೇಮ.

ಡಿಹ್ಯುಮಿಡಿಫೈಯರ್ ಎಂಬ ಯಂತ್ರ ಇಲ್ಲಿ ನೆರವಾಗಬಲ್ಲದು. ಕೋಣೆಯ ಗಾಳಿಯನ್ನು ಎಳೆದು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ಅದರಲ್ಲಿನ ನೀರನ್ನು ಹನಿಯಾಗಿಸಿ ತೊಟ್ಟಿಗೆ ಇಳಿಸುವುದು ಅದರ ಕೆಲಸ. ಅದು ಓಡುವಾಗ ಬಾಗಿಲು, ಕಿಟಕಿ ಮುಚ್ಚಿರಬೇಕು. ಇಲ್ಲವಾದರೆ ಹೊರಗಿನ ಮಳೆಗಾಲವನ್ನೇ ಒಣಗಿಸಲು ಹೊರಟಂತಾಗುತ್ತದೆ. ತೊಟ್ಟಿಯನ್ನು ದಿನವೂ ಬರಿದುಮಾಡಿ, ಸೋಸುಜಾಲರಿಯನ್ನು ಆಗಾಗ ತೊಳೆಯಬೇಕು.

ಇದನ್ನು ಶ್ರೀಮಂತರ ಷೋಕಿ ಎನ್ನುವುದು ತಪ್ಪು. ಇದೊಂದರಿಂದಲೇ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯೂ ತಪ್ಪೇ. ಗೋಡೆಯಿಂದ ಒಸರುವ ನೀರನ್ನು ಯಂತ್ರ ತಡೆಯಲಾರದು. ಮೊದಲು ಮನೆಯ ಹಿಂದಿನ ಚರಂಡಿಯನ್ನು ಮಳೆಗೆ ಮುನ್ನವೇ ಬಿಡಿಸಬೇಕು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ನೋಡಿಕೊಳ್ಳಬೇಕು. ಬಳಿಕ ಮೂಗು, ಬಾಯಿಗೆ ಮಾಸ್ಕ್ ಧರಿಸಿ ಬೂಷ್ಟನ್ನು ಸಾಬೂನು ನೀರಿನಿಂದ ಉಜ್ಜಿ ತೆಗೆದು ಒಣಗಿಸಬೇಕು. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ರೋಗವನ್ನು ಮುಚ್ಚಿಟ್ಟಂತೆ. ಕಪಾಟುಗಳನ್ನು ಗೋಡೆಯಿಂದ ತುಸು ದೂರ ಸರಿಸಬೇಕು. ಇಷ್ಟಾದ ಮೇಲೆ ಯಂತ್ರ.

ಒಂದು ಎಚ್ಚರಿಕೆಯ ಮಾತು. ತೇವ ಆರಿಸಲೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಪ್ರಾಣಾಂತಿಕ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರಿಗೆ ಅದರ ಸುಳಿವೇ ಸಿಗದು.

ಯಂತ್ರ ಒಂದೇ ಇದ್ದರೆ ಅದು ಅತಿಥಿಗಳ ಕೋಣೆಗಲ್ಲ, ರೇಷ್ಮೆ ಸೀರೆಗಳ ಕಪಾಟಿಗೂ ಅಲ್ಲ. ಹಿರಿಯರು ಮತ್ತು ಮಕ್ಕಳು ಮಲಗುವ ಕೋಣೆಗೆ ಮೊದಲು ಸಲ್ಲಲಿ. ಕೊಳ್ಳಲಾಗದವರು ಆರ್ದ್ರತೆ ತೋರುವ ಪುಟ್ಟ ಮಾಪಕವನ್ನಾದರೂ ಗೋಡೆಗೆ ತೂಗುಹಾಕಲಿ, ಹಿರಿಯರ ಹಾಸಿಗೆಯನ್ನು ಒಣಗೋಡೆಯ ಕೋಣೆಗೆ ಬದಲಿಸಲಿ. ಮೂಟೆಯ ಕಾಫಿಯನ್ನು ಕಾಯುವ ನಮಗೆ ಮನೆಯವರ ಉಸಿರನ್ನು ಕಾಯುವುದು ಭಾರವಾಗಬಾರದು.