ಗುಳ್ಳದ ಸಸಿ ಏಕೆ ಮಲಗಿತು?

ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ನಮ್ಮವರ ಬಾಲ್ಕನಿಗಳಲ್ಲಿ ಬಿತ್ತನೆ ಶುರು. ರಜೆಗೆ ಊರಿಗೆ ಹೋದವರು ಕಾಗದದಲ್ಲಿ ಕಟ್ಟಿ ತಂದ ಮಟ್ಟುಗುಳ್ಳದ ಬೀಜ, ಮೆಣಸು, ಹರಿವೆ. ವಾರದಲ್ಲಿ ಮೊಳಕೆ ಬರುತ್ತದೆ, ಮನೆಮಂದಿಗೆಲ್ಲ ಖುಷಿ. ಮತ್ತೆರಡು ದಿನಕ್ಕೆ ಬುಡ ಕೊಳೆತು ದಾರದಷ್ಟು ಸಪೂರವಾಗಿ ಸಸಿಗಳು ಒಂದೊಂದೇ ಮಣ್ಣಿಗೆ ಒರಗುತ್ತವೆ. ಎಲೆ ಮಾತ್ರ ಇನ್ನೂ ಹಸಿರು. ಬೀಜವೇ ಸರಿಯಿಲ್ಲ ಎಂದು ಊರಿನವರನ್ನು ದೂರುವವರಿದ್ದಾರೆ. ನೀರು ಸಾಲಲಿಲ್ಲವೆಂದು ಇನ್ನೊಂದು ಚೊಂಬು ಸುರಿಯುವವರೇ ಹೆಚ್ಚು. ಆ ನೀರೇ ಪಕ್ಕದ ಸಸಿಗೂ ರೋಗ ಮುಟ್ಟಿಸುತ್ತದೆ.

ಇದು ಸಸಿ ಕೊಳೆ ರೋಗ. ಮಣ್ಣಿನಲ್ಲೇ ಇರುವ ಪಿಥಿಯಂ, ರೈಜೋಕ್ಟೋನಿಯಾ ಮುಂತಾದವು ಇದಕ್ಕೆ ಕಾರಣ. ಪಿಥಿಯಂ ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾದ ದಾಯಾದಿ. ಎರಡರ ಬೀಜಾಣುಗಳೂ ನೀರಿನಲ್ಲಿ ಈಜಬಲ್ಲವು. ಅಡಿಕೆ ತೋಟ ಕಂಡವರಿಗೆ ಇಷ್ಟು ಹೇಳಿದರೆ ಸಾಕು.

ಮಣ್ಣಿಗೆ ಶಾಖ ಕೊಡುವುದು ಇದಕ್ಕೆ ಹಳೆಯ ಉಪಾಯ. ದಕ್ಷಿಣ ಕನ್ನಡದಲ್ಲಿ ತರಗೆಲೆ, ಕಸಕಡ್ಡಿಯೊಡನೆ ಮಣ್ಣು ಪೇರಿಸಿ ಸುಟ್ಟು ಸುಡುಮಣ್ಣು ಮಾಡುತ್ತಾರಲ್ಲ, ಇಲ್ಲಿ ಮುರಬಾಡ, ಕರ್ಜತ್ ಕಡೆ ಮಳೆಗೆ ಮುಂಚೆ ಭತ್ತದ ಸಸಿಮಡಿಯ ಮೇಲೆ ಸೊಪ್ಪು, ಸಗಣಿ ಹರಡಿ ಸುಡುವ ‘ರಾಬ್’ ಕೂಡ ಅದೇ ಬಗೆಯದು. ಕಳೆಬೀಜ ಸಾಯುತ್ತದೆ, ಬೂದಿ ಸಿಗುತ್ತದೆ, ಮೇಲ್ಮಣ್ಣಿನ ರೋಗಾಣುವೂ ತಗ್ಗುತ್ತದೆ.

ಸೊಸೈಟಿಯ ಟೆರೇಸಿನಲ್ಲಿ ಬೆಂಕಿ ಹಾಕಲು ಸೆಕ್ರೆಟರಿ ಬಿಟ್ಟಾರೆಯೇ? ಮೇ ತಿಂಗಳ ಬಿಸಿಲಿಗೆ ಯಾರ ಒಪ್ಪಿಗೆಯೂ ಬೇಡ. ಹಳೆ ಕುಂಡದ ಮಣ್ಣನ್ನು ಒದ್ದೆಮಾಡಿ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಭಾರವಿಟ್ಟು ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಪ್ಲಾಸ್ಟಿಕ್ ಬೇಡ, ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ. ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ವಿಧಾನವಿದು.

ಈ ಸಲ ಮೇ ಕಳೆದೇಹೋಯಿತು ಅನ್ನುವವರು ಒಂದೆರಡು ಸೇರು ಒದ್ದೆ ಮಣ್ಣನ್ನು ಹಳೆಯ ಇಡ್ಲಿ ಪಾತ್ರೆಯಲ್ಲಿ ಹಬೆಗಿಡಬಹುದು. ಇಡೀ ಮಣ್ಣು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಅರ್ಧ ಗಂಟೆ ಹಾಗೇ ಇದ್ದರೆ ಈ ರೋಗಾಣುಗಳಲ್ಲಿ ಹೆಚ್ಚಿನವು ಸಾಯುತ್ತವೆ. (ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು!) ಬೀಜ ಒತ್ತೊತ್ತಾಗಿ ಬೇಡ, ಕುಂಡದ ತೂತು ಕಟ್ಟಿರಬಾರದು, ನೀರು ಬೆಳಿಗ್ಗೆ ಮಾತ್ರ, ಅದೂ ಮೇಲ್ಮಣ್ಣು ಒಣಗಿದ ಮೇಲೆ.

ಮಲಗಿದ ಸಸಿ ಏಳುವುದಿಲ್ಲ. ಸುತ್ತಲಿನ ಮಣ್ಣಿನೊಡನೆ ತೆಗೆದು ಬಿಸಾಡಿ. ಆ ಮಣ್ಣನ್ನು ತುಳಸಿ ಕುಂಡಕ್ಕೆ ಹಾಕಬೇಡಿ. ಪೊಟ್ಟಣದಲ್ಲಿ ಗುಳ್ಳದ ಬೀಜ ಉಳಿದಿದ್ದರೆ ಮಳೆ ತಗ್ಗಿದ ಮೇಲೆ ಬಿತ್ತಿ.